ಸರ್ಟಿಫಿಕೇಟ್ ಬೇರೆ, ಲೈಸೆನ್ಸ್ ಬೇರೆ

ಹಾಸನದ ಹತ್ತಿರದ ಬೂವನಹಳ್ಳಿ ವಿಮಾನ ನಿಲ್ದಾಣದಲ್ಲಿ ವಿಮಾನ ಇಳಿಯಲು ಶುರುವಾದರೆ ಹಾಸನದ ಡಿಪ್ಲೊಮಾ ಹುಡುಗರಿಗೆ ಮೆಕ್ಯಾನಿಕ್ ಕೆಲಸ ಸುಲಭ ಎಂದು ಬರೆದಿದ್ದೀರಿ. ದಯವಿಟ್ಟು ಒಂದು ಮಾತು ಸೇರಿಸಿ. ಡಿಪ್ಲೊಮಾ ಸರ್ಟಿಫಿಕೇಟ್ ಇದ್ದರೆ ಸಹಾಯಕರಾಗಿ ಸೇರಬಹುದು, ಸರಿ. ಆದರೆ ರಿಪೇರಿ ಆದಮೇಲೆ ‘ಈ ವಿಮಾನ ಹಾರಬಹುದು’ ಎಂದು ಸಹಿ ಹಾಕಲು ಡಿಜಿಸಿಎ (ವಿಮಾನಯಾನದ ಮೇಲೆ ನಿಗಾ ಇಡುವ ಕೇಂದ್ರ ಸರ್ಕಾರದ ಸಂಸ್ಥೆ) ಕೊಡುವ ಲೈಸೆನ್ಸ್ ಬೇಕೇ ಬೇಕು. ಅದರಲ್ಲೂ ವಿಭಾಗಗಳಿವೆ: ಎಂಜಿನ್, ಬಾಡಿ ಕಡೆಗೆ ಬಿ1. ವೈರಿಂಗ್, ರೇಡಿಯೋ ಕಡೆಗೆ ಬಿ2. ಏರ್‌ಬಸ್ ಎ320 ತರಹದ ದೊಡ್ಡ ವಿಮಾನಕ್ಕೆ ಟೈಪ್ ರೇಟಿಂಗ್, ಅಂದರೆ ಆ ಮಾದರಿಗೇ ಪಡೆಯುವ ಅರ್ಹತೆ, ಅದೂ ಬೇಕು.

ನಮ್ಮ ಅಣ್ಣನ ಮಗ ಪಿಯುಸಿ ಸೈನ್ಸ್ ಮುಗಿಸಿ ವಿಮಾನ ರಿಪೇರಿ ಕಲಿಸುವ ಒಂದು ಕಾಲೇಜಿಗೆ ಸೇರಿದ. ಅಣ್ಣ ಶುಂಠಿ ಮಾರಿದ ದುಡ್ಡನ್ನೆಲ್ಲ ಫೀಸಿಗೆ ಕಟ್ಟಿದರು. ವರ್ಷ ಕಳೆದ ಮೇಲೆ ಗೊತ್ತಾಯ್ತು, ಆ ಕಾಲೇಜಿಗೆ ಸಿಎಆರ್ 147 ಅನುಮತಿಯೇ (ಈ ಲೈಸೆನ್ಸಿನ ತರಬೇತಿ ಕೊಡಲು ಡಿಜಿಸಿಎ ಕೊಡುವ ಒಪ್ಪಿಗೆ) ಇರಲಿಲ್ಲ. ಅತ್ತಿಗೆ ಎರಡು ದಿನ ಊಟ ಮಾಡಲಿಲ್ಲ.

ಈಗ ಅನುಮತಿ ಇರುವ ಕಡೆ ಓದುತ್ತಿದ್ದಾನೆ. ಮೊನ್ನೆ ಹಬ್ಬಕ್ಕೆ ಬಂದಾಗ ಲಾಗ್‌ಬುಕ್ ತೋರಿಸಿದ. ಒಂದು ಚಕ್ರ ಬದಲಿಸಿದ್ದಕ್ಕೂ ತಾರೀಕು, ವಿಮಾನದ ನಂಬರ್, ಮೇಲಿನವರ ಸಹಿ! ಪರೀಕ್ಷೆ ಪಾಸಾದರೆ ಸಾಲದು, ಈ ಅನುಭವದ ಲೆಕ್ಕವೂ ಬೇಕು.

ಫೀಸ್ ಕಟ್ಟುವ ಮೊದಲು ಡಿಜಿಸಿಎ ವೆಬ್‌ಸೈಟಿನ ಪಟ್ಟಿಯಲ್ಲಿ ಕಾಲೇಜಿನ ಹೆಸರು ಇದೆಯಾ, ಯಾವ ವಿಭಾಗಕ್ಕೆ ಅನುಮತಿ ಇದೆ, ನೋಡಿಕೊಳ್ಳಿ.