ಖಾರ್ಟೂಮ್: ನಮ್ಮವರು ಬಂದರು, ಸುದ್ದಿ ನಿಂತಿತು

2023ರ ಏಪ್ರಿಲ್‌ನಲ್ಲಿ, ವಿಧಾನಸಭಾ ಚುನಾವಣೆಯ ಗದ್ದಲದ ನಡುವೆಯೂ, ಸುಡಾನ್ ಎಂಬ ಹೆಸರು ಕೆಲವು ದಿನ ನಮ್ಮ ಟಿವಿಗಳಲ್ಲಿ ಓಡಾಡಿತು. ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸೇನೆಗೂ ಅರೆಸೇನಾ ಪಡೆಗೂ ಶುರುವಾದ ಯುದ್ಧದಲ್ಲಿ ಸಿಕ್ಕಿಕೊಂಡಿದ್ದರು. ಅವರನ್ನು ಕರೆತರುವ ವಿಚಾರದಲ್ಲಿ ಸಿದ್ದರಾಮಯ್ಯನವರಿಗೂ ವಿದೇಶಾಂಗ ಸಚಿವ ಜೈಶಂಕರ್ ಅವರಿಗೂ ಟ್ವಿಟರ್‌ನಲ್ಲಿ ಜಟಾಪಟಿಯೇ ನಡೆಯಿತು. ‘ಆಪರೇಷನ್ ಕಾವೇರಿ’ಯಲ್ಲಿ ನಮ್ಮವರು ಮರಳಿ ಬಂದರು, ಸುದ್ದಿಯೂ ಅಲ್ಲಿಗೇ ನಿಂತಿತು. ನನ್ನ ತಕರಾರು ಇರುವುದು ಆ ನಿಲುಗಡೆಯ ಬಗ್ಗೆ.

ಇಥಿಯೋಪಿಯಾದ ತಾನಾ ಸರೋವರದಿಂದ ಬರುವ ನೀಲಿ ನೈಲ್, ವಿಕ್ಟೋರಿಯಾ ಸರೋವರದ ಕಡೆಯಿಂದ ನಿಧಾನವಾಗಿ ಹರಿದು ಬರುವ ಬಿಳಿ ನೈಲ್, ಇವೆರಡೂ ಸೇರುವುದು ಸುಡಾನಿನ ರಾಜಧಾನಿ ಖಾರ್ಟೂಮ್‌ನಲ್ಲಿ. ಆ ಸಂಗಮವನ್ನು ಊರಿನವರು ಮೊಗ್ರನ್ ಎನ್ನುತ್ತಾರೆ. ಮಳೆಗಾಲದಲ್ಲಿ ನೀಲಿ ನೈಲ್ ಹೆಸರಿಗಷ್ಟೇ ನೀಲಿ. ಇಥಿಯೋಪಿಯಾದ ಬೆಟ್ಟಗಳ ಮಣ್ಣನ್ನೆಲ್ಲ ಹೊತ್ತು ಕೆಂಪಗೆ ಬಂದು, ಬಿಳಿ ನೈಲ್‌ನ ಬೂದು ನೀರಿನ ಪಕ್ಕದಲ್ಲಿ ಬೆರೆಯದೆ ಒಂದಷ್ಟು ದೂರ ಹಾಗೆಯೇ ಹರಿಯುತ್ತದೆ.

1821ರಲ್ಲಿ ಈಜಿಪ್ಟಿನ ಸೇನೆ ಬೀಡುಬಿಟ್ಟ ಜಾಗವೇ ಬೆಳೆದು ಊರಾಯಿತು. 1885ರಲ್ಲಿ ಮಹ್ದಿ ಎಂಬ ಧಾರ್ಮಿಕ ನಾಯಕನ ಪಡೆ ಅದನ್ನು ಗೆದ್ದು ಬ್ರಿಟಿಷ್ ಜನರಲ್ ಗಾರ್ಡನ್‌ನನ್ನು ಕೊಂದಿತು. 1898ರಲ್ಲಿ ಬ್ರಿಟಿಷರು ಮತ್ತೆ ಬಂದರು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1953ರಲ್ಲಿ, ಅಲ್ಲಿ ಚುನಾವಣೆ ನಡೆಸಿಕೊಟ್ಟವರು ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನ್ ಎಂಬುದನ್ನು ಎಷ್ಟು ಜನ ನೆನಪಿಟ್ಟಿದ್ದಾರೋ!

2023ರಲ್ಲಿ ಶುರುವಾದ ಈ ಯುದ್ಧವನ್ನು ಅರ್ಥಮಾಡಿಕೊಳ್ಳಲು ನಕ್ಷೆಯಲ್ಲಿ ಸೇತುವೆಗಳನ್ನು ನೋಡಬೇಕು. ಖಾರ್ಟೂಮ್, ಓಂದುರ್ಮಾನ್, ಬಹ್ರಿ ಎಂಬ ಮೂರು ಊರುಗಳ ನಡುವೆ ನದಿಗಳಿರುವುದರಿಂದ, ದಿನನಿತ್ಯ ಕೆಲಸಕ್ಕೂ ಸಂತೆಗೂ ಜನ ದಾಟುತ್ತಿದ್ದ ಸೇತುವೆಗಳು ಕಾದಾಟ ಶುರುವಾದೊಡನೆ ಸೇನೆ ಮತ್ತು ಅರೆಸೇನಾ ಪಡೆಯಾದ ಆರ್‌ಎಸ್‌ಎಫ್ ಪೈಪೋಟಿಯಲ್ಲಿ ಹಿಡಿಯಲು ಹೊರಟ ಗುರಿಗಳಾದವು. ಓಂದುರ್ಮಾನ್ ಮತ್ತು ಬಹ್ರಿಯನ್ನು ಜೋಡಿಸುತ್ತಿದ್ದ ಶಂಬಾತ್ ಸೇತುವೆ ಅದೇ ವರ್ಷದ ನವೆಂಬರ್‌ನಲ್ಲಿ ಮುರಿದುಬಿತ್ತು. ಸೇನೆಯು ಅಧ್ಯಕ್ಷರ ಅರಮನೆಯನ್ನು ಮರಳಿ ವಶಪಡಿಸಿಕೊಂಡದ್ದು 2025ರ ಮಾರ್ಚ್‌ನಲ್ಲಿ.

ಅಷ್ಟರೊಳಗೆ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಗಿತ್ತು. ಅದರ ಅಂಗಳದಲ್ಲಿರುವುದು ಈಜಿಪ್ಟಿನ ಅಸ್ವಾನ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಬೇಕಿದ್ದ ಪ್ರಾಚೀನ ದೇಗುಲಗಳು. 1960ರ ದಶಕದಲ್ಲಿ ಅವುಗಳ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಲಾಗಿತ್ತು. ಅಷ್ಟು ಜತನದಿಂದ ಕಟ್ಟಿದ ಸಂಗ್ರಹ ಮನುಷ್ಯರ ಕೈಗೆ ಸಿಕ್ಕಿ ಚೆಲ್ಲಾಪಿಲ್ಲಿಯಾಯಿತು.

ಆ ಹಕ್ಕಿಪಿಕ್ಕಿ ಕುಟುಂಬಗಳಲ್ಲಿ ಬಹಳಷ್ಟು ಇದ್ದದ್ದು ಖಾರ್ಟೂಮ್‌ನಲ್ಲಲ್ಲ, ಪಶ್ಚಿಮ ಸುಡಾನಿನ ದಾರ್ಫುರ್‌ ಪ್ರದೇಶದ ಎಲ್-ಫಾಶರ್‌ನಲ್ಲಿ. ಒಂದೂವರೆ ವರ್ಷದ ಮುತ್ತಿಗೆಯ ನಂತರ 2025ರ ಅಕ್ಟೋಬರ್‌ನಲ್ಲಿ ಅದು ಆರ್‌ಎಸ್‌ಎಫ್ ವಶವಾಗಿ, ಸಾಮೂಹಿಕ ಹತ್ಯೆಯ ವರದಿಗಳು ಬರತೊಡಗಿದ ದಿನ ನಾನು ರಾತ್ರಿ ಹತ್ತರ ತನಕ ಕನ್ನಡದ ಚಾನೆಲ್‌ಗಳನ್ನು ಒಂದೊಂದಾಗಿ ತಿರುಗಿಸುತ್ತ ಕುಳಿತಿದ್ದೆ. ಆ ಊರಿನ ಹೆಸರು ನನ್ನ ಕಿವಿಗೆ ಬೀಳಲಿಲ್ಲ.