ಅತ್ತ ನನ್ನ ಅವಳಿ ಕ್ಷೇಮ

ಜುಲೈ ತಿಂಗಳ ಒಂದು ಮಧ್ಯಾಹ್ನ. ಜಗಲಿಯಲ್ಲಿ ಕೂತು ಮಳೆ ನೋಡುತ್ತಿದ್ದೆ. ಬಲಗಡೆಯ ಕಂಬದ ಹತ್ತಿರ ಇಟ್ಟಿದ್ದ ಫೋನು ಟಿಂಗ್ ಅಂತು. ನಮ್ಮ ಮನೆಯಲ್ಲಿ ರೇಂಜ್ ಸಿಗುವುದು ಆ ಕಂಬದ ಹತ್ತಿರ ಮಾತ್ರ. ‘ನಿಮ್ಮ ಪಾರ್ಸೆಲ್ ತಲುಪಿದೆ. ಪಡೆದವರು: ಸ್ವತಃ.’

ಆಚೀಚೆ ನೋಡಿದೆ. ಜಗಲಿಯಲ್ಲಿ ಇದ್ದದ್ದು ನಾನು, ನಾಯಿ, ಮೂರು ದಿನದಿಂದ ಒಣಗದ ಎರಡು ಪಂಚೆ. ನಾಯಿಯ ಮೇಲೆ ಸ್ವಲ್ಪ ಅನುಮಾನ ಬಂತು. ಅದು ಕಣ್ಣು ಬಿಟ್ಟು ನೋಡಿ ಮತ್ತೆ ಮುಚ್ಚಿಕೊಂಡಿತು.

ಪಾರ್ಸೆಲ್ ಅಂದರೆ ದೊಡ್ಡದೇನಲ್ಲ. ಅಡಿಕೆಗೆ ಮದ್ದು ಬಿಡುವ ಪಂಪಿನ ವಾಷರ್. ಕೊಳೆರೋಗ ಬಾರದ ಹಾಗೆ ಮಳೆ ಹಿಡಿಯುವ ಮೊದಲೇ ಒಂದು ಸಲ ಬೋರ್ಡೋ ಬಿಡಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದಾಗಿ ನಲವತ್ತು, ನಲವತ್ತೈದು ದಿನಕ್ಕೆ ಎರಡನೇ ಮದ್ದು. ಮದ್ದು ಬಿಡುವ ಅಣ್ಣ ಸಿಗುವುದೇ ಕೇರಳ ಲಾಟರಿ ಹೊಡೆದ ಹಾಗೆ. ಆ ಲಾಟರಿ ನನಗೆ ಹೊಡೆದ ದಿನವೇ ಪಂಪಿನ ವಾಷರ್ ಹೋಯಿತು.

ಮಂಗಳೂರಿಗೆ ಹೋಗಿ ತಂದರೆ ಆಗುತ್ತಿತ್ತು. ಬದಿಯಡ್ಕದಿಂದ ಬಸ್ಸು ಹತ್ತಿದರೆ ಅರ್ಧ ದಿನದ ಕೆಲಸ. ಆದರೆ ಬೆಂಗಳೂರಿನಲ್ಲಿರುವ ಮಗಳು, “ಅಪ್ಪ, ಈ ಮಳೆಯಲ್ಲಿ ಎಲ್ಲಿಗೂ ಹೋಗ್ಬೇಡಿ, ನಾನು ಆನ್‌ಲೈನ್‌ನಲ್ಲಿ ತರಿಸ್ತೇನೆ” ಅಂದಳು. ತರಿಸಿದಳು. ಮಾರಿದ ಅಂಗಡಿ ಮಂಗಳೂರಿನದೇ.

ಇಲ್ಲಿ ಪಿನ್‌ಕೋಡಿನ ವಿಷಯ ಸ್ವಲ್ಪ ಹೇಳಬೇಕು. 1972ರ ಆಗಸ್ಟ್ 15ರಂದು ದೇಶಕ್ಕೆ ಪಿನ್‌ಕೋಡ್ ಬಂತು. ಮೊದಲ ಅಂಕಿ 5 ಆದರೆ ಕರ್ನಾಟಕ, ಆಂಧ್ರದ ಕಡೆ. 6 ಆದರೆ ಕೇರಳ, ತಮಿಳುನಾಡಿನ ಕಡೆ. ಮಂಗಳೂರಿನದು 575ರಿಂದ ಶುರು. ನಮ್ಮ ಕಾಸರಗೋಡಿನದು 671ರಿಂದ. ನಡುವೆ ಇರುವುದು ಗಡಿಯ ತಲಪಾಡಿ. ಮನುಷ್ಯರಿಗೆ ಅದೊಂದು ಬಸ್‌ಸ್ಟಾಪು, ಕಂಪ್ಯೂಟರಿಗೆ ಸಪ್ತ ಸಾಗರ. ಐದರ ಮನೆಯಿಂದ ಆರರ ಮನೆಗೆ ನೇರ ಹೋಗುವುದು ಅದರ ಶಾಸ್ತ್ರದಲ್ಲಿ ಇಲ್ಲ. ಹಾಗಾಗಿ ನನ್ನ ವಾಷರ್ ಮಂಗಳೂರಿನಿಂದ ಬೆಂಗಳೂರಿಗೆ ಹೋಯಿತು. ಅಲ್ಲಿಂದ ಕೊಚ್ಚಿಗೆ, ಅಲ್ಲಿಂದ ಕೋಝಿಕ್ಕೋಡಿಗೆ. ಫೋನಿನ ನಕ್ಷೆಯಲ್ಲಿ ಒಂದು ಪುಟ್ಟ ಲಾರಿ ಓಡುತ್ತಿತ್ತು. ಎಷ್ಟು ಚಂದ ಓಡುತ್ತಿತ್ತು ಅಂದರೆ ಹೆಂಡತಿ ಅಡಿಗೆ ಬಿಟ್ಟು ಬಂದು ನೋಡಿದಳು. “ನಮ್ಮ ಮದುವೆಗೆ ಇಷ್ಟು ಊರು ಸುತ್ತಿರ್ಲಿಲ್ಲ” ಅಂದಳು. ಮುವ್ವತ್ತು ರೂಪಾಯಿಯ ವಾಷರಿಗೆ ದಕ್ಷಿಣ ಭಾರತ ಯಾತ್ರೆ.

ಕಂಪೆನಿಗೆ ಫೋನ್ ಮಾಡಿದೆ. ಒಬ್ಬಳು ಹುಡುಗಿ ಮೊದಲು ಹಿಂದಿಯಲ್ಲಿ, ಆಮೇಲೆ ಮಲಯಾಳದಲ್ಲಿ, ಕೊನೆಗೆ ಕನ್ನಡದಲ್ಲಿ ಕ್ಷಮೆ ಕೇಳಿದಳು. ಮೂರು ಭಾಷೆಯಲ್ಲೂ ವಾಷರ್ ಇರಲಿಲ್ಲ.

“ಸರ್, ನಮ್ಮದು ಡಿಜಿಟಲ್ ಟ್ವಿನ್ ಸಿಸ್ಟಮ್. ಪ್ರತಿ ಪಾರ್ಸೆಲ್ಲಿಗೂ, ಪ್ರತಿ ಗಾಡಿಗೂ, ಪ್ರತಿ ಗ್ರಾಹಕರಿಗೂ ಒಂದು ಡಿಜಿಟಲ್ ಅವಳಿ ಇದೆ. ಸಿಸ್ಟಮ್‌ನಲ್ಲಿ ನೀವು ತಗೊಂಡಿದ್ದೀರಿ.”

“ನಾನು ಇಲ್ಲೇ ಇದ್ದೇನಲ್ಲ ತಂಗಿ, ತಗೊಂಡಿಲ್ಲ.”

“ಸಿಸ್ಟಮ್‌ನಲ್ಲಿ ಸಹಿಯೂ ಇದೆ ಸರ್.”

ಆಗ ನನಗೆ ವಿಷಯ ಹೊಳೆಯಿತು. ಪರದೆಯೊಳಗೆ ಇನ್ನೊಬ್ಬ ನಾನು ಇದ್ದಾನೆ. ಅವನಿಗೆ ವಾಷರ್ ಸಿಕ್ಕಿದೆ. ಇಷ್ಟು ಹೊತ್ತಿಗೆ ಅವನು ಅದನ್ನು ಪಂಪಿಗೆ ಹಾಕಿ, ಎರಡನೇ ಮದ್ದು ಮುಗಿಸಿ, ಕಾಲು ಚಾಚಿ ಕೂತಿರಬೇಕು. ಅವನ ಪಂಚೆಯೂ ಒಣಗಿರುತ್ತದೆ.

ಈ ಅವಳಿಯ ಸುದ್ದಿ ನಾನು ಕೇಳಿದ್ದು ಅದು ಎರಡನೇ ಸಲ. ಮಳೆಗೆ ಮುಂಚೆ ಪೇಟೆಯ ಸಭಾಭವನದಲ್ಲಿ ಒಂದು ಸಭೆ ಇತ್ತು. ಅಡಿಕೆಯ ಪೂರೈಕೆ ಸರಪಳಿಗೆ ಡಿಜಿಟಲ್ ಅವಳಿ ಮಾಡುತ್ತಾರಂತೆ. ಮಾಡುವವರು ಯಾರು ಅಂತ ಹೇಳುವುದಿಲ್ಲ. ಚಾ, ಗೋಳಿಬಜೆ ಕೊಟ್ಟಿದ್ದಾರೆ, ಋಣ ಇದೆ. ಒಬ್ಬ ಹುಡುಗ ದೊಡ್ಡ ಪರದೆಯಲ್ಲಿ ನಮ್ಮದೇ ಊರನ್ನು ತೋರಿಸಿದ. ತೋಟ ಹಸಿರು, ರಸ್ತೆ ಕಪ್ಪು, ಹೊಳೆ ನೀಲಿ. ಅಂಗಳದಿಂದ ಅಂಗಡಿಗೆ, ಅಂಗಡಿಯಿಂದ ಗೋಡೌನಿಗೆ, ಅಲ್ಲಿಂದ ಉತ್ತರ ಭಾರತಕ್ಕೆ ಅಡಿಕೆ ಚುಕ್ಕಿ ಚುಕ್ಕಿಯಾಗಿ ಹರಿಯಿತು.

“ಈ ತುದಿಯಿಂದ ಆ ತುದಿವರೆಗೆ ಎಲ್ಲಾ ಕಾಣುತ್ತೆ ಅಂಕಲ್” ಅಂದ.

ಹಿಂದಿನ ಸಾಲಿನಿಂದ ಅಡಿಕೆ ವ್ಯಾಪಾರಿಯೊಬ್ಬರು ಕೇಳಿದರು: “ಎಲ್ಲಾ ಅಂದ್ರೆ, ತೆರಿಗೆಯವರಿಗೂ ಕಾಣ್ತದಾ?”

ಗೋಳಿಬಜೆ ಅಗಿಯುವ ಸದ್ದೂ ನಿಂತಿತು.

ಹುಡುಗ ಒಳ್ಳೆಯವನೇ. ಅವನ ಪರವಾಗಿಯೂ ಎರಡು ಮಾತು ಹೇಳಬೇಕು, ಯಾಕಂದರೆ ವಿದ್ಯೆ ಸುಳ್ಳಲ್ಲ. 1970ರ ಏಪ್ರಿಲ್‌ನಲ್ಲಿ ಅಪೊಲೊ 13 ಚಂದ್ರನ ಕಡೆ ಹೋಗುವಾಗ ಆಮ್ಲಜನಕದ ಟ್ಯಾಂಕು ಒಡೆಯಿತು. ನೆಲದ ಮೇಲಿದ್ದ ಸಿಮ್ಯುಲೇಟರ್‌ಗಳಲ್ಲಿ ಒಂದೊಂದೇ ಉಪಾಯ ಮಾಡಿ ನೋಡಿ, ಸರಿ ಅಂತ ಕಂಡದ್ದನ್ನು ಮೇಲಿನವರಿಗೆ ಹೇಳಿದರು. ಮೂವರೂ ಜೀವಂತ ಬಂದರು. ಅವಳಿ ಅನ್ನುವ ಹೆಸರು ಆಗ ಇರಲಿಲ್ಲ. 2002ರಲ್ಲಿ ಮೈಕೆಲ್ ಗ್ರೀವ್ಸ್ ಅನ್ನುವವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಈ ಕಲ್ಪನೆ ಮುಂದಿಟ್ಟರು. ರೋಟರ್‌ಡ್ಯಾಮ್ ಬಂದರಿನಲ್ಲಿ 42 ಕಿಲೋಮೀಟರ್ ಉದ್ದಕ್ಕೆ ಸೆನ್ಸರ್ ಇಟ್ಟು ನೀರು, ಗಾಳಿ, ಹಡಗು ಎಲ್ಲದಕ್ಕೂ ಅವಳಿ ಮಾಡುವ ಯೋಜನೆ 2018ರಲ್ಲಿ ಪ್ರಕಟವಾಯಿತು. ಗೋಡೌನಿನಲ್ಲಿ ಕಪಾಟು ಎಲ್ಲಿಡಬೇಕು, ಒಂದು ದಾರಿ ಮುಚ್ಚಿದರೆ ಲಾರಿ ಎತ್ತ ತಿರುಗಬೇಕು ಅಂತ ಮೊದಲು ಪರದೆಯಲ್ಲಿ ಆಡಿ ನೋಡಿ, ಆಮೇಲೆ ನೆಲದಲ್ಲಿ ಮಾಡುವುದು. ನಷ್ಟ ಆದರೆ ಪರದೆಯಲ್ಲೇ ಆಗಲಿ ಅಂತ. ಒಳ್ಳೆಯದೇ ಅಲ್ವಾ?

ಆದರೆ ಒಂದು ಷರತ್ತು ಇದೆ. ನೆಲದಲ್ಲಿ ಆದದ್ದು ತಾನಾಗಿ ಪರದೆಗೆ ಹೋಗಬೇಕು. ಪರದೆಯಲ್ಲಿ ತೀರ್ಮಾನ ಆದದ್ದು ತಾನಾಗಿ ನೆಲಕ್ಕೆ ಬರಬೇಕು. ಎರಡೂ ಕಡೆ ಮಾತುಕತೆ ಇದ್ದರೆ ಮಾತ್ರ ಅವಳಿ. ನೆಲದಿಂದ ಪರದೆಗೆ ಮಾತ್ರ ಹೋದರೆ ಅದನ್ನು ಪಂಡಿತರು ‘ಡಿಜಿಟಲ್ ನೆರಳು’ ಅನ್ನುತ್ತಾರೆ. ಯಾವ ಕಡೆಗೂ ತಾನಾಗಿ ಹೋಗದಿದ್ದರೆ ಅದು ಬರೀ ‘ಮಾದರಿ’. ನಮ್ಮ ಊರಿನ ಲೆಕ್ಕದಲ್ಲಿ ಅದಕ್ಕೆ ಕ್ಯಾಲೆಂಡರ್ ಚಿತ್ರ ಅಂತ ಹೆಸರು. ಕ್ಯಾಲೆಂಡರಿನ ದೇವರ ಹಾಗೆ ಯಾವಾಗಲೂ ನಗುತ್ತಾ ಇರುತ್ತದೆ.

ನಮ್ಮ ಅವಳಿಗೆ ಮಾಹಿತಿ ಹೋದ ಬಗೆ ಕೇಳಿ. ಅಡಿಕೆಯಲ್ಲಿ ತೇವ ಎಷ್ಟಿದೆ ಅಂತ ತಿಳಿಯಲು ಕೆಲವರ ಅಂಗಳಕ್ಕೆ ಒಂದೊಂದು ಸೆನ್ಸರ್ ಕೊಟ್ಟರು. ಅಂಗಳದಲ್ಲಿ ರೇಂಜ್ ಇಲ್ಲ. ರೇಂಜ್ ಇರುವುದು ಗುಡ್ಡೆಯ ತುದಿಯಲ್ಲಿ. ಹಾಗಾಗಿ ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಸೆನ್ಸರನ್ನೇ ಗುಡ್ಡೆಗೆ ಕಳಿಸಿದರು. ಒಂದು ವಾರ ಪರದೆಯಲ್ಲಿ ನಮ್ಮ ಅಡಿಕೆಯೆಲ್ಲ ಗೇರುಮರದ ಬುಡದಲ್ಲಿ ಒಣಗುತ್ತಿತ್ತು. ಅಂಗಳದಲ್ಲಿ ಅಜ್ಜಿಯರು ಎಂದಿನ ಹಾಗೆ ಒಂದು ಅಡಿಕೆ ಎತ್ತಿ, ಕಿವಿಯ ಹತ್ತಿರ ಕುಲುಕಿ, “ಇನ್ನು ನಾಲ್ಕು ಬಿಸಿಲು ಬೇಕು” ಅನ್ನುತ್ತಿದ್ದರು.

ಆಮೇಲೆ ತಳಿ, ದರ್ಜೆ. ಅಂಗಡಿಗೆ ಹೋದರೆ ಹೊಸತು, ಹಳತು, ಡಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು, ಕೋಕ ಅಂತ ಬೇರೆ ಬೇರೆ ದರ. ಹುಡುಗರು ಎಲ್ಲ ಬರೆದುಕೊಂಡು ಹೋಗಿ ಕಂಪ್ಯೂಟರಿಗೆ ತಿನ್ನಿಸಿದರು. ಕಂಪ್ಯೂಟರ್ ಉಳ್ಳಿಗಡ್ಡೆಯನ್ನು ತರಕಾರಿ ವಿಭಾಗಕ್ಕೆ ಕಳಿಸಿತು. ಈಗ ಪರದೆಯಲ್ಲಿ ಕಾಸರಗೋಡು ಜಿಲ್ಲೆ ಉಳ್ಳಿಗಡ್ಡೆ ರಫ್ತು ಮಾಡುವ ಜಿಲ್ಲೆ. ಒಬ್ಬ ಅಧಿಕಾರಿ ನಮ್ಮನ್ನು ಅಭಿನಂದಿಸಿದರಂತೆ, ಈ ಮಳೆನಾಡಿನಲ್ಲಿ ಹೇಗೆ ಬೆಳೆದಿರಿ ಅಂತ.

ಕೊನೆಗೆ ಬಂತು ದಾಸ್ತಾನು. ಮನೆ ಮನೆಗೆ ಬಂದು, “ಅಟ್ಟದಲ್ಲಿ ಎಷ್ಟು ಅಡಿಕೆ ಇದೆ?” ಅಂತ ಕೇಳಿದರು. ನಮ್ಮ ಕಡೆ ಒಬ್ಬನ ಹತ್ತಿರ ಏನು ಬೇಕಾದರೂ ಕೇಳಬಹುದು. ಸಕ್ಕರೆ ಕಾಯಿಲೆ ಎಷ್ಟು, ಮಗನಿಗೆ ಹೆಣ್ಣು ಯಾಕೆ ಸಿಗಲಿಲ್ಲ, ಪಾಲುಪಟ್ಟಿ ಜಗಳ ಎಲ್ಲಿಗೆ ಬಂತು, ಎಲ್ಲಕ್ಕೂ ಉತ್ತರ ಸಿಗುತ್ತದೆ. ಅಟ್ಟದ ಅಡಿಕೆ ಮಾತ್ರ ಕೇಳಬಾರದು. ಅದು ಬೆಳೆಗಾರನ ಬ್ಯಾಂಕು, ಮಗಳ ಮದುವೆ, ಆಸ್ಪತ್ರೆ ಖರ್ಚು. ದರ ಏರಿದರೆ ‘ಇನ್ನೂ ಏರ್ತದೆ’ ಅಂತ ಇಡುತ್ತೇವೆ. ಇಳಿದರೆ ‘ಇಷ್ಟಕ್ಕೆ ಯಾಕೆ ಕೊಡೋದು’ ಅಂತ ಇಡುತ್ತೇವೆ. ಭಾವಂದಿರಿಗೂ ಲೆಕ್ಕ ಹೇಳುವುದಿಲ್ಲ, ಇನ್ನು ಟ್ಯಾಬ್ ಹಿಡಿದುಕೊಂಡು ಬಂದವನಿಗೆ ಹೇಳುವುದುಂಟೇ? ಎಲ್ಲರೂ ಒಂದೇ ಮಾತು ಹೇಳಿದರು: “ಎರಡು ಗೋಣಿ.” ನಾನೂ ಹೇಳಿದೆ. ಹುಡುಗ ಬರೆದುಕೊಂಡ. ಊರಿಡೀ ಎರಡೆರಡು ಗೋಣಿ. ಇಷ್ಟು ಸಮಾನತೆ ಯಾವ ಪಕ್ಷಕ್ಕೂ ತರಲಿಕ್ಕೆ ಆಗಿರಲಿಲ್ಲ.

ನಿಜ ಹೇಳಬೇಕೆಂದರೆ ಗಡಿಯವರಿಗೆ ಅವಳಿ ಹೊಸತೇನಲ್ಲ. ನಮಗೆ ಎಲ್ಲವೂ ಎರಡೆರಡು. ಮಂಜೇಶ್ವರ ಒಂದು, ಮಂಜೇಶ್ವರಂ ಇನ್ನೊಂದು. ಕುಂಬಳೆ, ಕುಂಬ್ಳ. ಕಾರಡ್ಕ, ಕಾರಡುಕ್ಕ. ಹುಡುಗನ ಪರದೆಯಲ್ಲಿ ಕೊನೆಯವೆರಡು ಬೇರೆ ಬೇರೆ ಊರುಗಳಾಗಿ, ನಡುವೆ ಒಂದು ರಸ್ತೆಯೂ ಹುಟ್ಟಿತ್ತು. ಉದ್ದ ಸೊನ್ನೆ ಕಿಲೋಮೀಟರ್. ನಮ್ಮ ಕಡೆ ಗುಂಡಿ ಇಲ್ಲದ ರಸ್ತೆ ಅದೊಂದೇ.

1956ರ ನವೆಂಬರ್ 1ರಂದು ಒಂದು ಗೆರೆ ಎಳೆದರು, ನಾವು ಕೇರಳಕ್ಕೆ ಸೇರಿದೆವು. 1967ರಲ್ಲಿ ಮಹಾಜನ ಆಯೋಗ ಇನ್ನೊಂದು ಗೆರೆ ಎಳೆಯಿತು, ಚಂದ್ರಗಿರಿ ಹೊಳೆಯ ಉತ್ತರ ಭಾಗ ಆಚೆಗೆ ಸೇರಲಿ ಅಂತ. ಆ ಗೆರೆ ಕಾಗದದಿಂದ ಕೆಳಗೆ ಇಳಿಯಲೇ ಇಲ್ಲ. ಹಾಗಾಗಿ ಕರ್ನಾಟಕದಲ್ಲಿರುವ ಕಾಸರಗೋಡು ಅನ್ನುವ ನಮ್ಮ ಅವಳಿ ಅಂದಿನಿಂದ ಕಡತದೊಳಗೇ ಬೆಳೆಯುತ್ತಿದೆ. ಪ್ರತಿ ನವೆಂಬರಿನಲ್ಲಿ ಅದಕ್ಕೆ ಹಾರ ಹಾಕುತ್ತೇವೆ. ರೋಟರ್‌ಡ್ಯಾಮಿನವರು ನಮ್ಮನ್ನು ಕೇಳಿದ್ದರೆ ಸೆನ್ಸರ್ ಇಲ್ಲದೆ ಅವಳಿ ಸಾಕುವುದು ಹೇಗೆ ಅಂತ ಹೇಳಿಕೊಡುತ್ತಿದ್ದೆವು.

2020ರ ಮಾರ್ಚ್ ಕೊನೆಗೆ, ಕೊರೋನಾ ಕಾಲದಲ್ಲಿ, ಗಡಿಯ ರಸ್ತೆಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರಲ್ಲ, ಆಗಲೂ ನನ್ನ ಫೋನಿನ ನಕ್ಷೆಯಲ್ಲಿ ಮಂಗಳೂರಿನ ದಾರಿ ನೀಲಿಯಾಗಿಯೇ ಇತ್ತು. ಆಂಬುಲೆನ್ಸಿನಲ್ಲಿದ್ದವರಿಗೆ ಆ ನೀಲಿಯಿಂದ ಏನೂ ಆಗಲಿಲ್ಲ. ಈ ವಿಷಯದಲ್ಲಿ ನನಗೆ ತಮಾಷೆ ಮಾಡಲು ಬರುವುದಿಲ್ಲ. ಮುಂದೆ ಹೋಗೋಣ.

ವಾಷರ್ ಕತೆಗೆ ಬರುತ್ತೇನೆ. ಮೂರು ದಿನ ಕಾದು, ಮಂಗಳೂರಿನ ಅದೇ ಅಂಗಡಿಗೆ ನೇರ ಫೋನ್ ಮಾಡಿದೆ. ಅವರು ವಾಷರನ್ನು ಕಾಗದದಲ್ಲಿ ಸುತ್ತಿ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟರು. ಕಂಡಕ್ಟರರು ಪೇಟೆಯ ಹೋಟೆಲಿನಲ್ಲಿ ಕೊಟ್ಟರು. ಹೋಟೆಲಿನವರು ಜೀಪಿನವರಿಗೆ ಕೊಟ್ಟರು. ಸಂಜೆ ಆರಕ್ಕೆ ಜೀಪು ಗೇಟಿನ ಹತ್ತಿರ ನಿಂತಿತು. “ಅಣ್ಣೇರೆ, ನಿಮ್ಮ ಸಾಮಾನು!” ನಾನು ಎದೆಯುಬ್ಬಿಸಿಕೊಂಡು ಹೋಗಿ ತಗೊಂಡೆ. ನೋಡಿ, ಇದು ನಮ್ಮ ಪೂರೈಕೆ ಸರಪಳಿ, ಸೆನ್ಸರ್ ಬೇಡ, ರೇಂಜ್ ಬೇಡ ಅಂತ ಹೆಂಡತಿಗೆ ಭಾಷಣವನ್ನೂ ಮಾಡಿದೆ. ಬಿಚ್ಚಿ ನೋಡಿದರೆ ಸೈಜು ಬೇರೆ. ಅಂಗಡಿಯವರ ತಪ್ಪಲ್ಲ, “ಅದೇ ಹಳೆ ಪಂಪಿಂದು” ಅಂತ ಮಾತ್ರ ನಾನು ಹೇಳಿದ್ದು. ಅಷ್ಟು ಹೊತ್ತಿಗೆ ಮದ್ದು ಬಿಡುವ ಅಣ್ಣ ಬೇರೆ ತೋಟಕ್ಕೆ ಹೋಗಿದ್ದ. ಆಗಸ್ಟಿನಲ್ಲಿ ಮರದ ಬುಡದಲ್ಲಿ ಎಳೆ ಅಡಿಕೆ ಉದುರಿ ಬಿತ್ತು. ತೋಟಕ್ಕೆ ಹೋದರೆ ಕಾಲಿಡಲು ಜಾಗ ಇಲ್ಲ. ಕೊಳೆತ ವಾಸನೆ.

ಪರಿಹಾರಕ್ಕೆ ಅರ್ಜಿ ಹಾಕಿದೆ. ಕೌಂಟರಿನವರು ಪರದೆ ತಿರುಗಿಸಿ ತೋರಿಸಿದರು. ನನ್ನ ತೋಟ ಹಸಿರು ಹಸಿರು. ಈಗ ಎಲ್ಲ ಸಿಸ್ಟಮ್‌ಗಳನ್ನೂ ಒಂದಕ್ಕೊಂದು ಜೋಡಿಸಿದ್ದಾರಂತೆ. ‘ವಾಷರ್ ತಲುಪಿದೆ, ಆದ್ದರಿಂದ ಮದ್ದು ಬಿಟ್ಟಿದ್ದಾರೆ, ಆದ್ದರಿಂದ ಕೊಳೆರೋಗ ಇಲ್ಲ.’ ತರ್ಕ ಎಷ್ಟು ಸರಿಯಾಗಿತ್ತೆಂದರೆ, ಮನೆಗೆ ಬಂದು ಇನ್ನೊಮ್ಮೆ ತೋಟ ನೋಡಿ ಬಂದೆ. ನನಗೇ ಏನಾದರೂ ಕಣ್ಣಿನ ತೊಂದರೆಯೋ ಅಂತ.

ಡಿಸೆಂಬರಿನಲ್ಲಿ ಅದೇ ಸಭಾಭವನಕ್ಕೆ ಕರೆ ಬಂತು. ಈ ಸಲ ಬಿಸ್ಕೂಟು ಅಂಬಡೆಯೂ ಇತ್ತು. ಪರದೆಯ ಲೆಕ್ಕದಲ್ಲಿ ನಾನು ಮಾದರಿ ಬೆಳೆಗಾರ. ನನ್ನ ಅವಳಿ ತನ್ನ ಎರಡೂ ಗೋಣಿಯನ್ನು ಸರಿಯಾದ ದಿನ ನೋಡಿ, ವರ್ಷದ ಅತಿ ಹೆಚ್ಚು ದರಕ್ಕೆ ಮಾರಿದ್ದಾನೆ. ಸಾಗಣೆಯಲ್ಲಿ ನಷ್ಟ ಸೊನ್ನೆ. ರೋಗ ಸೊನ್ನೆ. ವಾಷರ್ ಕಂಪೆನಿಗೆ ಐದು ನಕ್ಷತ್ರವನ್ನೂ ಕೊಟ್ಟಿದ್ದಾನೆ. ಹುಡುಗ ಮೈಕಿನಲ್ಲಿ ಇದನ್ನೆಲ್ಲ ಓದಿದ. ಚಪ್ಪಾಳೆ ಬಿತ್ತು. ಪಕ್ಕದ ಮನೆಯ ಭಾವ ಎಲ್ಲರಿಗಿಂತ ಜೋರಾಗಿ ತಟ್ಟಿದರು, ಅವರ ಎರಡು ಗೋಣಿಯ ವಿಷಯ ನನಗೂ ಗೊತ್ತು.

ವೇದಿಕೆಗೆ ಕರೆದು ಶಾಲು ಹೊದೆಸಿದರು. ‘ಪರದೆಯ ಅವಳಿಗೆ ಹೊದೆಸಿ’ ಅನ್ನಬಹುದಿತ್ತು, ಅನ್ನಲಿಲ್ಲ. ಇಡೀ ವರ್ಷದಲ್ಲಿ ಆ ಕಡೆಯಿಂದ ಈ ಕಡೆಗೆ ನಿಜವಾಗಿ ಬಂದು ಮುಟ್ಟಿದ ವಸ್ತು ಅದೊಂದೇ. ಒಳ್ಳೆ ದಪ್ಪ ಶಾಲು. ಹೆಂಡತಿ ಅದನ್ನು ಅಟ್ಟಕ್ಕೆ ತಗೊಂಡು ಹೋಗಿ, ಮಾಡಿನಿಂದ ಧೂಳು ಬೀಳಬಾರದು ಅಂತ ಹದಿನಾಲ್ಕನೆಯ ಗೋಣಿಯ ಮೇಲೆ ಹೊದೆಸಿ ಇಟ್ಟಿದ್ದಾಳೆ.