ನಾಟಕದಾಕಿಯ ಮಾತು ಮತ್ತು ನಮ್ಮ ಹಾಜರಿ ಪುಸ್ತಕ

ನಟಿ, ರಾಜಕಾರಣಿ ಉಮಾಶ್ರೀಯವರು ಹೆಣ್ಣುಮಕ್ಕಳ ಪರವಾಗಿ ಮಾತಾಡಿದ ಸುದ್ದಿ ಬಂದಾಗಲೆಲ್ಲ ನಮ್ಮ ಕಲಬುರಗಿ ಕಡೆ ಯಾರಾದರೊಬ್ಬರು ಈ ಮಾತು ಎತ್ತದೆ ಇರುವುದಿಲ್ಲ: "ನಾಟಕದಾಕಿ, ಆಕಿ ಏನ್ ಹೇಳ್ತಾಳ್ರೀ ನಮಗ?" ಜಾತ್ರೆಯ ಕಂಪನಿ ನಾಟಕದಲ್ಲಿ ಮುಂದಿನ ಸಾಲು ಹಿಡಿದು ಶಿಳ್ಳೆ ಹೊಡೆದವರೇ ಮರುದಿನ ಚಹಾದಂಗಡಿಯಲ್ಲಿ ಆ ನಟಿಯರ ಶೀಲದ ಲೆಕ್ಕ ಹಾಕುವುದು ನಮ್ಮಲ್ಲಿ ಹೊಸದೇನಲ್ಲ. ಅಷ್ಟೇ ಏಕೆ, ಮನೆಯಲ್ಲಿ ಮಗಳು ಕನ್ನಡಿಯ ಮುಂದೆ ತುಸು ಹೆಚ್ಚು ಹೊತ್ತು ನಿಂತರೂ ತಾಯಿಯ ಬಾಯಲ್ಲಿ ಬರುವ ಬೈಗುಳ ಅದೇ.

ಹೆಣ್ಣುಮಕ್ಕಳ ಬಗ್ಗೆ ಮಾತಾಡುವ ಅಧಿಕಾರ ಯಾರಿಗಾದರೂ ಇದ್ದರೆ ಈ ಬೈಗುಳ ತಿಂದು ಬದುಕಿದವರಿಗೆ ಮೊದಲು ಇದೆ ಎಂಬುದು ನನ್ನ ಅಭಿಪ್ರಾಯ. ಒಂಟಿಯಾಗಿ ಇಬ್ಬರು ಮಕ್ಕಳನ್ನು ಸಾಕಿಕೊಂಡು, ರಂಗಭೂಮಿಯಲ್ಲಿ ಗಟ್ಟಿ ಪಾತ್ರಗಳನ್ನು ಮಾಡುತ್ತಲೇ ಸಿನಿಮಾದಲ್ಲಿ ಹೊಟ್ಟೆಪಾಡಿಗೆ ದ್ವಂದ್ವಾರ್ಥದ ಹಾಸ್ಯವನ್ನೂ ಒಪ್ಪಿಕೊಂಡ ಈ ನಟಿ, 'ಗುಲಾಬಿ ಟಾಕೀಸ್' ಚಿತ್ರದ ಸೂಲಗಿತ್ತಿಯ ಪಾತ್ರಕ್ಕೆ 2007ರ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಪಡೆದರು. ಪ್ರಶಸ್ತಿ ಬಂದ ಮೇಲೂ ಅವರ ಹಳೆಯ ಹಾಸ್ಯದ ತುಣುಕುಗಳನ್ನೇ ಮೊಬೈಲ್‌ನಲ್ಲಿ ಹಂಚಿಕೊಂಡು ನಗುವವರಿದ್ದಾರೆ. ಗಂಡಸು ನಟ ಶಾಸಕನಾದರೆ ಅವನು ತೆರೆಯ ಮೇಲೆ ಕುಡಿದದ್ದನ್ನೂ ಹುಡುಗಿಯರ ಬೆನ್ನು ಹತ್ತಿದ್ದನ್ನೂ ಯಾರೂ ಕೆದಕುವುದಿಲ್ಲ.

ತೇರದಾಳದಿಂದ ಗೆದ್ದು ಬಂದ ಅವರು 2013ರಿಂದ 2018ರವರೆಗಿನ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾಗಿದ್ದರು. ಅವರನ್ನು ಅಳೆಯುವುದಾದರೆ ಆ ಐದು ವರ್ಷಗಳಿಂದ ಅಳೆಯೋಣ. ಆ ಅವಧಿಯಲ್ಲಿಯೇ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಿದ್ದುಪಡಿ ತಂದಿತು. 2017ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2006ರ ಕೇಂದ್ರ ಕಾಯ್ದೆಯ ಪ್ರಕಾರ ಬಾಲ್ಯವಿವಾಹ ಅಪರಾಧವಾದರೂ ಮದುವೆ ಮಾತ್ರ ಊರ್ಜಿತವಾಗಿಯೇ ಉಳಿಯುತ್ತಿತ್ತು. ಬೇಡವೆಂದರೆ ಆ ಹುಡುಗಿಯೇ ಕೋರ್ಟಿನ ಮೆಟ್ಟಿಲು ಹತ್ತಿ, ವಯಸ್ಕಳಾಗಿ ಎರಡು ವರ್ಷ ತುಂಬುವುದರೊಳಗೆ, ರದ್ದು ಮಾಡಿಸಿಕೊಳ್ಳಬೇಕಿತ್ತು. ತಿದ್ದುಪಡಿಯಾದ ಮೇಲೆ ಕರ್ನಾಟಕದಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. 2017ರ ಅಕ್ಟೋಬರ್ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಉಳಿದ ರಾಜ್ಯಗಳೂ ಕರ್ನಾಟಕದ ದಾರಿ ಹಿಡಿಯುವುದು ವಿವೇಕವೆಂದು ಹೇಳಿತು. ಈ ತಿದ್ದುಪಡಿಯ ಹಿಂದೆ ಬಾಲ್ಯವಿವಾಹ ತಡೆಯುವ ಬಗ್ಗೆ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ಕೊಟ್ಟ ವರದಿಯೂ ಇತ್ತು. ಅವರು ರಾಯಚೂರು ಜಿಲ್ಲೆಯವರು, ಕಲಬುರಗಿಯಲ್ಲಿ ವಕೀಲಿ ಮಾಡಿದವರು ಎಂಬುದನ್ನು ನಮ್ಮ ಭಾಗದವರಿಗೆ ನೆನಪಿಸಬೇಕಾಗಿ ಬಂದಿದೆ.

ಆದರೆ 2017ರ ಮಾರ್ಚ್ ತಿಂಗಳನ್ನೂ ಮರೆಯುವಂತಿಲ್ಲ. ಕೂಲಿ ಹೆಚ್ಚಿಸಿ ಎಂದು ಅಂಗನವಾಡಿ ಕಾರ್ಯಕರ್ತೆಯರು ಸಾವಿರಗಟ್ಟಲೆ ಬೆಂಗಳೂರಿಗೆ ಹೋಗಿ ಹಗಲು ರಾತ್ರಿ ರಸ್ತೆಯಲ್ಲಿಯೇ ಕುಳಿತಾಗ ಸಚಿವೆ ಉಮಾಶ್ರೀಯವರೇ. ಬಡ ಹೆಂಗಸಿನ ಸಂಕಟವನ್ನು ರಂಗದ ಮೇಲೆ ಅಷ್ಟು ಚೆನ್ನಾಗಿ ಬಲ್ಲವರ ಇಲಾಖೆ ಆ ಹೆಂಗಸರನ್ನು ಅಷ್ಟು ದಿನ ಬಿಸಿಲಿನಲ್ಲಿ ಕೂರಿಸಬಾರದಿತ್ತು. ಊರಲ್ಲಿ ಬಾಲ್ಯವಿವಾಹದ ಸುಳಿವು ಮೊದಲು ಹತ್ತುವುದು ಆ ಕಾರ್ಯಕರ್ತೆಗೇ ಎಂಬುದನ್ನು ನೆನೆದರೆ ಈ ಬೇಸರ ಇನ್ನೂ ಹೆಚ್ಚುತ್ತದೆ.

ನಾನು ಪಾಠ ಹೇಳುವ ಪ್ರೌಢಶಾಲೆ ಇರುವುದು ಚಿತ್ತಾಪುರ ತಾಲೂಕಿನಲ್ಲಿ. ಇಲ್ಲಿ ಬಾಲ್ಯವಿವಾಹ ಮೊದಲು ಕಾಣುವುದು ಹಾಜರಿ ಪುಸ್ತಕದಲ್ಲಿ. ದೀಪಾವಳಿ ಕಳೆದ ಮೇಲೆ ಒಂಬತ್ತನೆಯ ತರಗತಿಯ ಒಂದು ಹೆಸರಿನ ಮುಂದೆ ಗೈರುಹಾಜರಿಯ ಗುರುತಾದ ಕೆಂಪು ಶಾಯಿಯ 'ಗೈ' ಬೀಳತೊಡಗುತ್ತದೆ. ತೊಗರಿ ಕೊಯ್ಯಲು ಹೋಗಿದ್ದಾಳೆ ಎನ್ನುತ್ತಾರೆ. ರಾಶಿ ಮುಗಿದು ತೊಗರಿ ಮಾರಿದ ದುಡ್ಡು ಕೈಗೆ ಬಂದರೂ 'ಗೈ' ನಿಲ್ಲುವುದಿಲ್ಲ. ಈಗ ಅಕ್ಕನ ಮನೆಗೆ ಹೋಗಿದ್ದಾಳೆ ಎನ್ನುತ್ತಾರೆ. ಯುಗಾದಿಯ ಹೊತ್ತಿಗೆ ಲಗ್ನಪತ್ರಿಕೆಯಿಲ್ಲದೆ, ಹಲಗೆ ಬಾಜಿಯಿಲ್ಲದೆ, ಮನೆದೇವರ ಗುಡಿಯಲ್ಲಿ ಬೆಳಗಿನ ಜಾವವೇ ಅಕ್ಷತೆ ಬಿದ್ದಿರುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರಾದರೂ ಫೋನ್ ಮಾಡಿದರೂ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಓ) ಮತ್ತು ಪೊಲೀಸರು ಬಂದು ಮುಟ್ಟುವುದರೊಳಗೆ ಹುಡುಗಿ ಬೇರೆ ಊರು ಸೇರಿರುತ್ತಾಳೆ.

ಇದನ್ನು ತಂದೆತಾಯಿಯ ಅಜ್ಞಾನ ಎಂದುಬಿಡುವವರ ಮಾತನ್ನು ನಾನು ಒಪ್ಪುವುದಿಲ್ಲ. ಪುಣೆ, ಮುಂಬೈ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ದಂಪತಿಗೆ ಮೈನೆರೆದ ಮಗಳನ್ನು ಅಲ್ಲಿಯ ತಗಡಿನ ಶೆಡ್ಡಿಗೆ ಕರೆದೊಯ್ಯುವ ಧೈರ್ಯವಿಲ್ಲ, ಊರಲ್ಲಿ ಮುದುಕಿಯ ಜೊತೆ ಬಿಟ್ಟುಹೋಗುವ ಧೈರ್ಯವೂ ಇಲ್ಲ. ಅಂಥವರಿಗೆ ಮದುವೆಯೇ ಸುಲಭದ ಕಾವಲು. ಹೋಬಳಿಗೊಂದು ಒಳ್ಳೆಯ ಬಾಲಕಿಯರ ಹಾಸ್ಟೆಲ್ ಇದ್ದು, ಗುಳೆಯ ತಿಂಗಳುಗಳಲ್ಲಿ ಯಾವ ಜಾತಿ ಪ್ರಮಾಣಪತ್ರವನ್ನೂ ಕೇಳದೆ ಹುಡುಗಿಯರನ್ನು ಸೇರಿಸಿಕೊಂಡರೆ ಈ ಮದುವೆಗಳಲ್ಲಿ ಅನೇಕವು ನಡೆಯುವುದೇ ಇಲ್ಲ ಎಂದು ನನ್ನ ಅನುಭವ ಹೇಳುತ್ತದೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದಾಗಿನಿಂದ ನಮ್ಮ ಭಾಗದ ಅಭಿವೃದ್ಧಿಗೆಂದು ಪ್ರತ್ಯೇಕ ಹಣ ಬರುತ್ತಿದೆ. ಅದರಲ್ಲಿ ಸಿಸಿ ರಸ್ತೆಗೆ ಸಿಗುವ ಆದ್ಯತೆ ಹಾಸ್ಟೆಲಿಗೆ ಸಿಗುವುದಿಲ್ಲ, ಏಕೆಂದು ಗುತ್ತಿಗೆದಾರರನ್ನೇ ಕೇಳಬೇಕು.

ಇನ್ನು ತಡೆದ ಮದುವೆಗಳ ವಿಷಯ. ತಡೆದ ದಿನ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ, ತಂದೆಯಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಆಮೇಲೆ ಆ ಹುಡುಗಿ ಶಾಲೆಗೆ ಮರಳಿದಳೇ, ಆರು ತಿಂಗಳ ನಂತರ ಬೇರೆ ಊರಿನಲ್ಲಿ ಸದ್ದಿಲ್ಲದೆ ಅದೇ ಮದುವೆ ಆಯಿತೇ ಎಂದು ನಮ್ಮ ಶಾಲೆಗೆ ಬಂದು ಕೇಳಿದ ಅಧಿಕಾರಿಯನ್ನು ನಾನಂತೂ ಕಂಡಿಲ್ಲ. ಮದುವೆ ಅಸಿಂಧು ಎಂಬ ಮಾತನ್ನು ಆಗಲೇ ಗಂಡನ ಮನೆಯಲ್ಲಿರುವ ಹುಡುಗಿಗೆ ಹೋಗಿ ಹೇಳುವವರೂ ಇಲ್ಲ.

ಉಮಾಶ್ರೀಯವರು 2023ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ವೇದಿಕೆಯ ಮೇಲೆ ಅವರು ಹೆಣ್ಣುಮಕ್ಕಳಿಗೆ ಹೇಳುವ ಧೈರ್ಯದ ಮಾತುಗಳ ಬಗ್ಗೆ ನನಗೆ ಗೌರವವಿದೆ. ಅದರ ಜೊತೆಗೆ ಅವರಿಂದ ನಾನು ಬಯಸುವುದು ಪರಿಷತ್ತಿನಲ್ಲಿ ಒಂದು ಪ್ರಶ್ನೆಯನ್ನು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ 2017ರಿಂದ ಈಚೆಗೆ ತಡೆಯಲಾದ ಪ್ರತಿಯೊಂದು ಬಾಲ್ಯವಿವಾಹದ ಹುಡುಗಿ ಈಗ ಎಲ್ಲಿದ್ದಾಳೆ, ಯಾವ ತರಗತಿಯವರೆಗೆ ಓದಿದಳು ಎಂಬ ವಿವರವನ್ನು ತಾಲೂಕುವಾರು ಸದನದ ಮುಂದೆ ಇಡಲಿ ಎಂದು ಅವರು ಕೇಳಬೇಕು.